ನಾನು ಬರೆದ ನಂಬರು

ರತ್ನಮ್ಮ, ನಿನ್ನ ಗುಟ್ಟನ್ನು ನಿನ್ನ ಗಂಡನಿಗೆ ಮುಟ್ಟಿಸಿದ್ದು ನಿನ್ನ ತಂಗಿ ಗೌರಿಯಲ್ಲ. ನಾನು — ಈ ಊರಿನ ಹಾಲಿನ ಡೇರಿಯ ಕಾರ್ಯದರ್ಶಿ. ಆರು ವರ್ಷದಿಂದ ಇದನ್ನು ನುಂಗಿಕೊಂಡೇ ನಿನ್ನ ಹಾಲು ಅಳೆಯುತ್ತಿದ್ದೇನೆ.

ಆಗೆಲ್ಲ ಹದಿನೈದು ದಿನಕ್ಕೊಮ್ಮೆ ಬಟವಾಡೆ, ನೋಟು ಕೈಗೇ. ಅರ್ಧವನ್ನು ನೀನು ಗಂಡನಿಗೆ ತೋರಿಸುತ್ತಿದ್ದೆ, ಇನ್ನರ್ಧ ಗೌರಿಯ ಮನೆಯ ರಾಗಿ ಡಬ್ಬಕ್ಕೆ ಹೋಗುತ್ತಿತ್ತು. ಮಗಳನ್ನು ನರ್ಸಿಂಗ್ ಓದಿಸುವ ದುಡ್ಡು. ಗೊತ್ತಿದ್ದದ್ದು ಮೂವರಿಗೇ — ನಿನಗೆ, ಗೌರಿಗೆ, ಬಟವಾಡೆ ಕೊಡುತ್ತಿದ್ದ ನನಗೆ.

ಆಮೇಲೆ ಹಾಲಿನ ದುಡ್ಡೆಲ್ಲ ತಾಯಲೂರಿನ ಬ್ಯಾಂಕಿಗೇ ಬೀಳಬೇಕೆಂದಾಯಿತು. ಹೆಂಗಸರ ದುಡ್ಡು ಹೆಂಗಸರ ಹೆಸರಿಗೇ, ಇನ್ನು ಯಾರೂ ಕಿತ್ತುಕೊಳ್ಳಲಾರರು ಎಂದು ಡೇರಿ ಮುಂದೆ ನಿಂತು ಭಾಷಣ ಮಾಡಿದವನೂ ನಾನೇ. ದುಡ್ಡು ಬಿದ್ದಾಗ ಮೆಸೇಜ್ ಬರಲು ಅರ್ಜಿಯಲ್ಲಿ ಒಂದು ಫೋನ್ ನಂಬರು ಬರೆಯಬೇಕಿತ್ತು, ನಿನ್ನ ಹತ್ತಿರ ಫೋನಿರಲಿಲ್ಲ. ಅರ್ಜಿ ತುಂಬುವಾಗ ನೀನು ಮೆಲ್ಲಗೆ ಹೇಳಿದೆ — "ಅಣ್ಣ, ಗೌರಿ ನಂಬರ್ ಹಾಕು. ನಮ್ ಯಜಮಾನ್ರುದು ಬ್ಯಾಡ."

ನಾನು ಹೂಂ ಅಂದೆ. ಬರೆದದ್ದು ನಿನ್ನ ಗಂಡನದು.

ಮರೆತು ಬರೆದದ್ದಲ್ಲ. ಹಿಂದಿನ ವಾರ ಗೌರಿ ಸಾಲಿನಲ್ಲಿ ನಿಂತು, "ನಾವ್ ನೀರ್ ಹಾಕಲ್ಲ ಕಣಣ್ಣ, ನಿನ್ ಅಳತೇನೇ ಸರಿಯಿಲ್ಲ" ಅಂದಿದ್ದಳು. ಎಲ್ಲರೂ ನಕ್ಕರು. ಅವಳು ಹೇಳಿದ್ದು ನಿಜ, ನನಗೆ ಉರಿದದ್ದೂ ಅದಕ್ಕೇ. ಅವಳ ನಂಬರು ಬರೆಯಲು ಕೈ ಏಳಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ — ಸುಳ್ಳು. ಕೈ ಚೆನ್ನಾಗಿಯೇ ಎದ್ದಿತು. ಗಂಡನ ನಂಬರು ಬರೆಯುವಾಗ ನನಗೆ ಖುಷಿಯಾಗಿತ್ತು.

ಮೊದಲ ದುಡ್ಡು ಬಿದ್ದ ದಿನ ನಿನ್ನ ಗಂಡ ಕೃಷ್ಣಪ್ಪ ಫೋನ್ ಹಿಡಿದು ಡೇರಿಗೇ ಬಂದ. ಓದು ಬಾರದವನು. "ಏನೋ ಮೆಸೇಜ್ ಬಂದೈತೆ, ಓದು ಸಾಮಿ." ಯಾವುದೋ ಕಂಪನಿಯದು ಅಂದುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಗಟ್ಟಿಯಾಗಿ, ಪೂರ್ತಿ ಓದಿದೆ.

"ಯಾವಾಗ್ಲೂ ಇಷ್ಟೇನಾ?"

"ಯಾವಾಗ್ಲೂ ಇಷ್ಟೇ."

ಅವನು ನಿನ್ನ ಬಲಗೈ ಮುರಿದ, ಯಾರಿಂದ ಗೊತ್ತಾಯಿತೆಂದು ಮಾತ್ರ ಬಾಯಿ ಬಿಡಲಿಲ್ಲ. ರಾಗಿ ಡಬ್ಬ ಅವನ ಪಾಲಾಯಿತು. ಮಗಳು ಫ್ಯಾಕ್ಟರಿ ವ್ಯಾನ್ ಹತ್ತಿದಳು. ಮೆಸೇಜೇ ಬಂದಿಲ್ಲ ಅಕ್ಕ ಎಂದು ಗೌರಿ ದೀಪ ಮುಟ್ಟಿ ಆಣೆ ಮಾಡಿದಳಂತೆ. ನೀನು ಕಟ್ಟು ಹಾಕಿದ ಕೈಯಲ್ಲೇ ಬಂದು ಕೇಳಿದೆ — "ನಂಬರ್ ಅವಳ್ದೇ ಅಲ್ವಾ ಹಾಕಿದ್ದು? ಅವಳೇ ಹೇಳಿರ್ಬೇಕಲ್ಲಣ್ಣ?"

"ಇನ್ಯಾರು ಹೇಳ್ತಾರೆ?" ಅಂದೆ.

ಅಂದಿನಿಂದ ಒಂದೇ ಸಾಲಿನಲ್ಲಿ ಕ್ಯಾನು ಹಿಡಿದು ನಿಲ್ಲುತ್ತೀರಿ, ನಡುವೆ ಇಬ್ಬರನ್ನು ಬಿಟ್ಟುಕೊಂಡು. ನನಗೆ ಅದು ದಿನಾ ಕಾಣುತ್ತಿತ್ತು. ಮೊದಮೊದಲು — ಹೇಳಿಬಿಡುತ್ತೇನೆ — ನೋಡಲು ಹಿತವಾಗಿಯೇ ಇತ್ತು.

ಮೊನ್ನೆ ಗೌರಿ ಒಬ್ಬಳೇ ಬಂದಳು. ಹೊಟ್ಟೆಯಲ್ಲಿ ಗೆಡ್ಡೆ, ಆಪರೇಷನ್ ಆಗಬೇಕು. ತನಗೇನಾದರೂ ಆದರೆ ಬ್ಯಾಂಕಿನ ದುಡ್ಡು ಯಾರಿಗೆ ಸೇರಬೇಕೆಂದು ಅರ್ಜಿಯಲ್ಲಿ ಬರೆಸಬೇಕಿತ್ತು. "ಅಕ್ಕನ್ ಹೆಸ್ರು ಬರಿ. ಅವ್ಳಿಗೆ ಹೇಳ್ಬೇಡ." ಅರ್ಜಿಯನ್ನು ನನ್ನತ್ತ ತಳ್ಳಿ, "ನೀನ್ ಸರಿಯಾಗ್ ಬರೀತೀಯ ಅಂತ ನಂಬ್ಕೆ" ಅಂದಳು. ಅವಳಿಗೂ ಏನೂ ಗೊತ್ತಿಲ್ಲ. ನಿನ್ನ ಹೆಸರನ್ನೇ ಬರೆದೆ.

ಅವಳು ಹೇಳಬೇಡ ಅಂದದ್ದನ್ನೂ ಹೇಳಿಬಿಟ್ಟೆ. ಕ್ಷಮೆ ಕೇಳುವುದಿಲ್ಲ, ಅದು ಇನ್ನೊಂದು ಮೋಸ. ನಿನಗೆ ಓದು ಬಾರದು, ಈ ಕಾಗದವನ್ನೂ ನಾನೇ ಓದಿ ಹೇಳಬೇಕು. ಅವಳು ಆಸ್ಪತ್ರೆಗೆ ಹೋಗುವ ಮೊದಲು, ನಾಳೆ ಬೆಳಿಗ್ಗೆ, ನೀವಿಬ್ಬರೂ ಸಾಲಿನಲ್ಲಿರುವಾಗ ಓದುತ್ತೇನೆ — ಅಂದು ನಿನ್ನ ಗಂಡನಿಗೆ ಓದಿದಷ್ಟೇ ಗಟ್ಟಿಯಾಗಿ.