ಬೆನ್ನಿಗೆ ತಾಗುವ ಮೂತಿ

ನಂದೂರಿನ ಬೇಳೆ ಮಿಲ್ಲೊಂದರ ಗೇಟಿನಲ್ಲಿ ಹಗಲು ಕಾವಲಿಗೆ ಕೂರುವ ದತ್ತಪ್ಪನನ್ನು ಆ ಕಡೆಯವರು ನಾಯಿ ದತ್ತಪ್ಪ ಎಂದೇ ಗುರುತಿಸುತ್ತಾರೆ. ಸೈಕಲ್ಲಿನ ಹಿಂದಿನ ಕ್ಯಾರಿಯರ್‌ಗೆ ಹಗ್ಗದಿಂದ ಬಿಗಿದ ಹಣ್ಣಿನ ಕ್ರೇಟು, ಅದರೊಳಗೆ ಗೋಣಿಚೀಲ, ಅದರ ಮೇಲೆ ತೊಗರಿಬೇಳೆ ಬಣ್ಣದ ಪುಟ್ಟ ನಾಯಿ. ಹೆಸರು ಬ್ಯಾಳಿ, ಅಂದರೆ ಬೇಳೆ. ಹನ್ನೆರಡು ವರ್ಷದ ಹಿಂದೆ ಮಿಲ್ಲಿನ ಚೀಲಗಳ ಸಂದಿಯಲ್ಲಿ ಸಿಕ್ಕ ಮರಿಗೆ ಬೇರೇನು ಹೆಸರಿಡಬೇಕಿತ್ತು?

"ರಾಣಿಹಂಗ ಕುಂತಾದ ನೋಡ್ರಿ" ಎಂದು ಚಹಾದಂಗಡಿಯ ಝಹೀರ್ ಈ ಇಬ್ಬರನ್ನು ಕಂಡಾಗಲೆಲ್ಲ ನಗುತ್ತಿದ್ದ. ಅವನ ಮುಖ ನೋಡಿ ದತ್ತಪ್ಪನೂ ನಗುತ್ತಿದ್ದ. ಮಾತು ಮಾತ್ರ ಅವನಿಗೆ ಕೇಳಿಸಿರುತ್ತಿರಲಿಲ್ಲ.

ಮಿಲ್ಲಿನ ಯಂತ್ರದ ಪಕ್ಕದಲ್ಲಿ ಇಪ್ಪತ್ತೆಂಟು ವರ್ಷ ನಿಂತವನ ಕಿವಿ ಉಳಿದೀತೇ? ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದ. ಬೆನ್ನ ಹಿಂದೆ ಆದದ್ದೊಂದೂ ಗೊತ್ತಾಗುತ್ತಿರಲಿಲ್ಲ. ಹೇಳಿಕೊಂಡರೆ ಗೇಟಿನ ಕೆಲಸ ಹೋದೀತೆಂಬ ಅಂಜಿಕೆ ಒಂದು, ಕಿವುಡ ಅನ್ನಿಸಿಕೊಳ್ಳುವ ನಾಚಿಕೆ ಇನ್ನೊಂದು. ಹೆಂಡತಿ ಇದ್ದಿದ್ದರೆ ಒಂದೇ ದಿನದಲ್ಲಿ ಕಂಡುಹಿಡಿಯುತ್ತಿದ್ದಳು. ಅವಳು ತೀರಿಹೋಗಿ ಹದಿನಾರು ವರ್ಷ, ಮಕ್ಕಳಿಲ್ಲ. ಹೆಸರು ಹಿಡಿದು ಕರೆಯುವವರೇ ಇಲ್ಲದ ಮನೆಯಲ್ಲಿ ಕಿವುಡು ಯಾರಿಗೆ ಗೊತ್ತಾಗಬೇಕು?

ಗೊತ್ತಿದ್ದದ್ದು ಬ್ಯಾಳಿಗೆ ಒಂದಕ್ಕೇ. ಹಾರ್ನ್ ಎಂದರೆ ಅದಕ್ಕೆ ಮೊದಲಿನಿಂದಲೂ ಜೀವಭಯ. ಹಿಂದೆ ಗಾಡಿ ಬಂದರೆ ಸಾಕು, ಎದ್ದು ನಿಂತು ಅವನ ಬೆನ್ನಿಗೆ ಮೂತಿ ಒತ್ತುತ್ತಿತ್ತು. ಮೂತಿ ತಾಗಿತೋ, ದತ್ತಪ್ಪ ಸೈಕಲ್ಲನ್ನು ಎಡಕ್ಕೆ, ಮಣ್ಣಿಗೆ ಇಳಿಸುತ್ತಿದ್ದ. ಯಾರೂ ಕಲಿಸಿದ್ದಲ್ಲ. ದಿನವೂ ಓಡಾಡುವ ಸೇಡಂ ರಸ್ತೆಯ ಗದ್ದಲದಲ್ಲೂ ಅವನ ಮೈಗೆ ಒಂದು ತರಚು ಗಾಯವಾಗಿರಲಿಲ್ಲ.

ಹುಣ್ಣಿಮೆ ಹುಣ್ಣಿಮೆಗೆ ಇಬ್ಬರೂ ಕಮಲಾಪುರಕ್ಕೆ ಹೋಗುತ್ತಿದ್ದರು, ಅಕ್ಕ ಬಂಡೆಮ್ಮನ ಮನೆಗೆ. ಮೂರು ತಾಸು ತುಳಿಯುವ ದಾರಿ. ಬಸ್ಸಿಲ್ಲವೆಂದಲ್ಲ. ಕಂಡಕ್ಟರ್ ಹಿಂದಿನಿಂದ ಕೂಗುವುದು, ಇವನು ತಿರುಗದಿರುವುದು, ಬಸ್ಸಿನವರೆಲ್ಲ ನಗುವುದು, ಆ ಪಾಡು ಒಮ್ಮೆ ಪಟ್ಟದ್ದೇ ಸಾಕಾಗಿತ್ತು.

ಬಂಡೆಮ್ಮ ಕೆಂಪು ಬಾಳೆಯ ತೋಟಗಳಲ್ಲಿ ದುಡಿಯುವವಳು, ಗಂಡ ಇಲ್ಲದವಳು, ಬಾಯಿ ತುಂಬ ಮಾತಿನವಳು. ತಮ್ಮ ಬಂದನೆಂದರೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತ, ಬೆನ್ನು ಈ ಕಡೆ ಮಾಡಿಕೊಂಡು, ತಿಂಗಳ ಸುದ್ದಿಯನ್ನೆಲ್ಲ ಹೇಳಿ ಮುಗಿಸುತ್ತಿದ್ದಳು. ದತ್ತಪ್ಪ ಅಂದಾಜಿನ ಮೇಲೆ "ಹೂಂ" ಅನ್ನುತ್ತಿದ್ದ. 

ಒಮ್ಮೆ ಅವಳು ತಿರುಗಿ ಎದುರಿಗೇ ಅಂದುಬಿಟ್ಟಳು: "ನಿನಗ ನನ್ನ ಮಾತಂದ್ರ ಬ್ಯಾಸರ ಆಗ್ಯಾದ ದತ್ತು. ನಾ ಅತ್ತರೂ ಹೂಂ, ನಕ್ಕರೂ ಹೂಂ."

ಆಗಲೂ ಅವನು ಕಿವಿಯ ಸಂಗತಿ ಹೇಳಲಿಲ್ಲ. ಇರುವ ಒಬ್ಬ ಅಕ್ಕನ ಮುಂದೆಯೂ ಇಂಥ ಮೊಂಡುತನ!

ಈ ವರ್ಷದ ಮಾಘ ಹುಣ್ಣಿಮೆಯ ದಿನ. ಕಮಲಾಪುರ ಇನ್ನೇನು ಎರಡು ಮೈಲಿ ಇರುವಾಗ ಲಾರಿಯೊಂದು ಮೈ ಸವರಿಕೊಂಡೇ ಹೋಯಿತು. ಆ ಗಾಳಿಗೆ ಸೈಕಲ್ಲು ರಸ್ತೆ ಬದಿಯ ತಗ್ಗಿಗೆ ಉರುಳಿತು. ಡ್ರೈವರ್ ಲಾರಿ ನಿಲ್ಲಿಸಿ ಓಡಿಬಂದು ಎದುರಿಗೆ ನಿಂತು ಬೈದ: "ಎಷ್ಟು ಹಾರ್ನ್ ಹೊಡೀಬೇಕೋ ಮುದುಕಾ? ಸಾಯಲಾಕ ಬಂದೀಯೇನು?"

ದತ್ತಪ್ಪ ನಾಯಿಯತ್ತ ನೋಡಿದ. ಬ್ಯಾಳಿ ಮೈ ಕೊಡವಿಕೊಂಡು, ಏನೂ ಆಗಿಲ್ಲವೆಂಬಂತೆ ತೊಗರಿ ಹೊಲದ ಕಡೆ ಮುಖ ಮಾಡಿ ಕೂತಿತ್ತು. ಲಾರಿ ಹೋದ ಮೇಲೆ ಅವನು ಅದರ ಬೆನ್ನ ಹಿಂದೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿದ. ತಿರುಗಲಿಲ್ಲ. ಅಂಗೈ ಉರಿಯುವಷ್ಟು ತಟ್ಟಿದ. ಆಗಲೂ ತಿರುಗಲಿಲ್ಲ. ಹನ್ನೆರಡು ವರ್ಷ ಅವನಿಗೆ ಕಿವಿಯಾಗಿದ್ದ ನಾಯಿಯೂ ಮುದಿಯಾಗಿತ್ತು. ದತ್ತಪ್ಪ ಅದನ್ನು ಎತ್ತಿಕೊಂಡು ಅಲ್ಲೇ ಕೂತು ಅತ್ತ. ಆಮೇಲೆ ಸೈಕಲ್ಲನ್ನು ರಸ್ತೆಯ ಬಲಬದಿಗೆ ದಾಟಿಸಿ, ಎದುರಿನಿಂದ ಬರುವ ಗಾಡಿಗಳನ್ನು ಕಣ್ಣಾರೆ ನೋಡುತ್ತ, ಕಮಲಾಪುರದವರೆಗೂ ತಳ್ಳಿಕೊಂಡೇ ನಡೆದ.

"ಯಾಕೋ ಇಷ್ಟು ತಡಾ?" ಎಂದಳು ಬಂಡೆಮ್ಮ ಬಾಗಿಲಲ್ಲೇ.

"ಯಕ್ಕಾ, ಬ್ಯಾಳಿಗಿ ಕಿವಿ ಕೇಳಸವಲ್ದು" ಎಂದು ಶುರುಮಾಡಿದವನು ಲಾರಿ, ಹಾರ್ನು, ತಗ್ಗು, ಚಪ್ಪಾಳೆ ಎಲ್ಲ ಹೇಳಿದ. ನಾಯಿಯ ದುಃಖದಲ್ಲಿ ತಾನೇನು ಹೇಳಿಬಿಟ್ಟೆ ಎಂಬುದು ಅವನ ಗಮನಕ್ಕೇ ಬರಲಿಲ್ಲ. ಬಂಡೆಮ್ಮ ಅವನ ಮುಖವನ್ನೇ ನೋಡಿದಳು. ಊಟಕ್ಕೆ ಬಡಿಸಿ ಒಲೆಯ ಕಡೆ ಹೋದಳು.

ಅವನು ಒಲೆಗೆ ಬೆನ್ನು ಹಾಕಿ ಉಣ್ಣತೊಡಗಿದ. ಬ್ಯಾಳಿಗೂ ಒಂದು ತುಂಡು ರೊಟ್ಟಿ ಹಾಕಿದ. ನೀರು ಬೇಕೆನಿಸಿ ಹಿಂದಕ್ಕೆ ತಿರುಗಿದರೆ, ಒಂದು ಮಾರು ದೂರದಲ್ಲಿ ಅಕ್ಕ ನಿಂತಿದ್ದಳು. ಎಡಗೈಯಲ್ಲಿ ಹಿತ್ತಾಳೆ ತಾಟು, ಬಲಗೈಯಲ್ಲಿ ಸೌಟು. ಎಷ್ಟು ಹೊತ್ತಿನಿಂದ ಬಡಿಯುತ್ತಿದ್ದಳೋ, ಕಣ್ಣು ತುಂಬಿ ಹರಿಯುತ್ತಿದ್ದವು.

ಅವಳು ಸುತ್ತಿ ಬಂದು ಅವನ ಎದುರಿಗೆ ಕೂತಳು.

"ಹಾರ್ನ್ ನಾಯಿಗಿ ಕೇಳಸಲಿಲ್ಲ, ಖರೆ. ನಿನಗರೆ ಕೇಳಸಬೇಕಿತ್ತಲ್ಲೋ ದತ್ತು?"

ದತ್ತಪ್ಪ ತಲೆ ತಗ್ಗಿಸಿದ. ಮತ್ತೆ ಎತ್ತಿದಾಗ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಏನೋ ಹೇಳುತ್ತಿದ್ದಳು. ಭುಜ ಅಲುಗುತ್ತಿತ್ತು, ತುಟಿ ಕಾಣುತ್ತಿರಲಿಲ್ಲ. ರೂಢಿಯಂತೆ "ಹೂಂ" ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡ.

"ನನಗ ಕೇಳಸಲಿಲ್ಲ ಯಕ್ಕಾ" ಎಂದ. "ಸೆರಗು ತಗದು ಇನ್ನೊಮ್ಮೆ ಹೇಳು."