ನೋಡದೆ ಅಳಿಸಿದ ಹುಳ

ಹುಳ ಎಂದರೆ ನನಗೆ ಹೆದರಿಕೆಯಿಲ್ಲ, ಹೇಸಿಗೆ. ಸ್ಟೇಷನ್ ರಸ್ತೆಯ ಹಿಂದಿನ ನಮ್ಮ ಬಾಡಿಗೆ ಮನೆಯಲ್ಲಿ ಜಿರಳೆ ಕಂಡರೆ ಚಪ್ಪಲಿ ಎತ್ತುವವಳು ನಾನೇ, ಹೊಡೆದ ಮೇಲೆ ಅದರ ಲೋಳೆ ನೋಡಿ ಆ ಹೊತ್ತಿನ ಊಟ ಬಿಡುವವಳೂ ನಾನೇ. ಯಾವುದಕ್ಕೆ ರೆಕ್ಕೆ, ಯಾವುದಕ್ಕೆ ಮೀಸೆ ಎಂದು ಬಗ್ಗಿ ನೋಡುವ ಸಹನೆ ನನಗೆಲ್ಲಿ? ಹುಳವೆಲ್ಲ ಒಂದೇ ಜಾತಿ, ಹೊಲಸು ಜಾತಿ.

ಹೀಗಾಗಿ ಹೊನವಾಡದಲ್ಲಿ ದ್ರಾಕ್ಷಿ ಬೆಳೆಯುವ ಅಕ್ಕ ಒಂದು ಮಧ್ಯಾಹ್ನ ಎರಡು ಬಿಳಿ ಹುಳಗಳ ಫೋಟೋ ಮೊಬೈಲಿಗೆ ಕಳಿಸಿದಾಗ, ರೊಟ್ಟಿ ಮುರಿಯುತ್ತ ಕೂತಿದ್ದ ನಾನು 'ಥೂ!' ಎಂದು ಎರಡನ್ನೂ ಅಳಿಸಿಬಿಟ್ಟೆ. ಜೊತೆಗೆ ಅವಳು ಮಾತಾಡಿ ಕಳಿಸಿದ್ದ ರೆಕಾರ್ಡನ್ನೂ ಕೇಳಲಿಲ್ಲ.

ಆ ವರ್ಷ ಅಕ್ಕ ಮಾವನ ಜೊತೆ, ಎಂದರೆ ತನ್ನ ಗಂಡನ ಜೊತೆ, ಜಗಳಾಡಿ ತೋಟಕ್ಕೆ ಔಷಧ ಹೊಡೆಯುವುದನ್ನು ನಿಲ್ಲಿಸಿದ್ದಳು. ಹೊಡೆದ ದಿನವೆಲ್ಲ ಮಾವನಿಗೆ ತಲೆಸುತ್ತು, ವಾಂತಿ. ನೋಡಿ ನೋಡಿ ಅವಳಿಗೆ ಸಾಕಾಗಿತ್ತು. "ಇದೊಂದ ಸಲ ನನ್ನ ಮಾತ ಕೇಳ್ರಿ. ಹುಳ ಹೋಗಲಿಲ್ಲಂದ್ರ ಔಷಧದ ಸುದ್ದಿಗೆ ಮತ್ತೆಂದೂ ಬಾಯಿ ತಗಿಯಂಗಿಲ್ಲ" ಎಂದು ಮಾತು ಕೊಟ್ಟಿದ್ದಳು.

ಒಂದು ರವಿವಾರ ತಿಕೋಟಾ ದಾಟಿ ಬಸ್ಸಿನಲ್ಲಿ ಅಕ್ಕನ ಊರಿಗೆ ಹೋದೆ. ಅಕ್ಕ, ಮಾವ ಇಬ್ಬರೂ ಕನಮಡಿಯಲ್ಲಿ ಯಾರೋ ತೀರಿಕೊಂಡರೆಂದು ಮಣ್ಣಿಗೆ ಹೋಗಿದ್ದರು. ಸುಮ್ಮನೆ ಕೂರಲಾರದೆ ತೋಟಕ್ಕೆ ಇಳಿದೆ. ತುದಿಯ ನಾಲ್ಕು ಸಾಲುಗಳ ಗೊನೆಗಳಲ್ಲಿ ಅಕ್ಕ ಸದಾ ಬೈಯುವ ಹಿಟ್ಟು ತಿಗಣೆ! ಹಿಟ್ಟಿನಲ್ಲಿ ಹೊರಳಿದಂಥ ಚಪ್ಪಟೆ ಹುಳ, ದ್ರಾಕ್ಷಿ ಕಾಳಿನ ಸಂದಿಯಲ್ಲಿ ಒಂದರ ಮೇಲೊಂದು ಅಂಟಿಕೊಂಡು ಮಿಸುಕದೆ ಕೂತಿತ್ತು. ಸುತ್ತ ಅದು ಕಾರಿದ ಅಂಟು, ಅಂಟಿನ ಮೇಲೆ ಕರಿ ಬೂಷ್ಟು. ಅವುಗಳ ನಡುವೆ ಇನ್ನೊಂದು ಬಗೆಯವಿದ್ದವು, ಇನ್ನೂ ದೊಡ್ಡವು. ಮೈತುಂಬ ಉದ್ದುದ್ದ ಬಿಳಿ ಜುಂಗು. ಮುಟ್ಟಿದರೆ ಸರಸರ ಓಡುತ್ತಿದ್ದವು. ಇವೇ ಅವುಗಳ ತಾಯಂದಿರು, ಮೊದಲು ಇವನ್ನೇ ಮುಗಿಸಬೇಕು ಎಂದುಕೊಂಡೆ.

ಹಳೆಯ ಹಲ್ಲುಜ್ಜುವ ಬ್ರಷ್ಷು, ಸೋಪಿನ ನೀರಿನ ಬಕೆಟ್ಟು ತಂದೆ. ಕೆರೆದೆ, ಉದುರಿಸಿದೆ, ಓಡಿದವನ್ನು ಉಗುರಿನಲ್ಲಿ ಹೊಸಕಿದೆ. ಒಮ್ಮೆ ಹಳದಿ ರಸ ಕೆನ್ನೆಗೆ ಸಿಡಿಯಿತು. ಬದುವಿನ ಮೇಲೆ ಓಕರಿಸಿದೆ, ಬಾಯಿ ಮುಕ್ಕಳಿಸಿ ಮತ್ತೆ ಕೆರೆದೆ. ಅಕ್ಕನ ಮಾತು ಉಳಿಯಬೇಕಲ್ಲ! ಸಂದಿಯೊಳಗಿನ ಸಣ್ಣವು ಬ್ರಷ್ಷಿಗೆ ಸಿಗಲಿಲ್ಲ. ಓಡುವ ದೊಡ್ಡವನ್ನು ಮಾತ್ರ ಒಂದೂ ಬಿಡಲಿಲ್ಲ.

ಸಂಜೆ ಅಕ್ಕ ಬಂದಳು. ಹೆಮ್ಮೆಯಿಂದ ಬಕೆಟ್ಟು ತೋರಿಸಿದೆ. ಬಗ್ಗಿ ನೋಡಿದವಳು ಒಂದನ್ನು ಎತ್ತಿ ಅಂಗೈ ಮೇಲೆ ಇಟ್ಟುಕೊಂಡಳು.

"ಯಪ್ಪಾ, ಏನ ಮಾಡಿದಿ ಬೇ! ಇವು ತಿಗಣಿ ಅಲ್ಲ. ತಿಗಣಿ ತಿನ್ನಾಕ ನಾ ತಂದ ಬಿಟ್ಟ ಹುಳದ ಮರಿ. ಜುಂಗ ಇರ್ತಾವ, ಓಡ್ತಾವ, ದೊಡ್ಡಾದ ಮ್ಯಾಲ ಕೆಂಪ ತಲಿ ಕರಿ ಹುಳ ಆಗ್ತಾವ. ಎರಡೂ ಬಿಳೇವ ಅದಾವ, ಫರಕ ತಿಳಕೋ ಅಂತ ಫೋಟೋ ಕಳಿಸಿದ್ನೆಲ್ಲ, ನೋಡಲಿಲ್ಲೇನ?"

"ನೋಡಿದ್ದೆ... ಮರ್ತೆ" ಎಂದೆ. ಹೇಸಿಗೆಯ ಬಾಯಿಗೆ ಸುಳ್ಳು ಬೇರೆ.

ಅಷ್ಟರಲ್ಲಿ ಗಾಡಿ ನಿಲ್ಲಿಸಿ ಮಾವ ಬಂದರು. "ಹೆಂಗದಾವ ನಿನ್ನ ಹುಳ?"

ಅಕ್ಕ ನನ್ನತ್ತ ಒಮ್ಮೆ ನೋಡಿದಳು. ಬಕೆಟ್ಟನ್ನು ಗಟಾರಕ್ಕೆ ಬೋರಲು ಹಾಕಿದಳು.

"ಸತ್ತುವ್ರಿ. ನಮ್ಮ ಬಿಸಲು ತಡೀಲಿಲ್ಲ. ನೀವ ಹೇಳಿದ್ದ ಖರೇ ಆತು. ನಾಳೆ ಔಷಧ ಹೊಡೀರಿ."

ತಪ್ಪು ನನ್ನದು ಎನ್ನುವ ಬದಲು ಬಚ್ಚಲಿಗೆ ಹೋದೆ. ಕೈಯನ್ನು ಮೂರು ಸಲ ತೊಳೆದೆ, ಉಗುರಿನ ವಾಸನೆ ಹೋಗಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಹೊರಡಲು ಮನಸ್ಸಾಗದೆ ಉಳಿದೆ. ಮಾವ ಮುಖಕ್ಕೆ ಟವೆಲ್ ಕಟ್ಟಿಕೊಂಡು ಸಾಲಿಗೆ ಇಳಿದರು, ಅಕ್ಕ ಹಿಂದೆ ಪೈಪು ಹಿಡಿದಳು. ಮಧ್ಯಾಹ್ನದ ಹೊತ್ತಿಗೆ ಮಾವ ಬಚ್ಚಲ ಬಳಿ ಕೂತು ವಾಂತಿ ಮಾಡುತ್ತಿದ್ದರು. ಅಕ್ಕ ಬೆನ್ನು ಸವರುತ್ತಿದ್ದಳು. ಕೊಟ್ಟ ಮಾತಿನಂತೆ ಅವಳು ಬಾಯಿ ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ, ನನ್ನ ಬಾಯಿಗೆ ಮಣ್ಣು ಹಾಕ.