ಶಾರದಕ್ಕ ಕೊಟ್ಟ ಡೀಸೆಲ್ ಕಾರು

ಕೋವಿಡ್ ಕಾಟ ತಗ್ಗಿದ ಮರುವರ್ಷದ ಮಾತು. ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ದುಡಿದು ಮೆಕ್ಯಾನಿಕಲ್ ಫೋರ್‌ಮನ್ ಆಗಿ ನಿವೃತ್ತನಾಗಿದ್ದ ನಾನು, ಗದಗಿನ ಸೇವಾ ಟ್ರಸ್ಟೊಂದರ ಡಯಾಲಿಸಿಸ್ ಕೇಂದ್ರದಲ್ಲಿ ವಾಹನಗಳ ಉಸ್ತುವಾರಿ ವಹಿಸಿಕೊಂಡಿದ್ದೆ. ವಾಹನಗಳು ಎಂದು ಬಹುವಚನದಲ್ಲಿ ಹೇಳುವುದು ಬಾಯಿಮಾತಿಗಷ್ಟೆ. ಇದ್ದ ಒಂದೇ ವ್ಯಾನು ಆ ಬೇಸಿಗೆಯಲ್ಲಿ ಗುಜರಿಗೆ ಹೋಗಿತ್ತು. ಶಿರಹಟ್ಟಿ, ಲಕ್ಷ್ಮೇಶ್ವರ, ಬೆಳ್ಳಟ್ಟಿ ಕಡೆಯ ರೋಗಿಗಳು ವಾರಕ್ಕೆ ಮೂರು ಸಲ ಬಸ್ಸಿನಲ್ಲಿ ಬಂದು, ನಾಲ್ಕು ತಾಸು ರಕ್ತ ಶುದ್ಧಿ ಮಾಡಿಸಿಕೊಂಡು, ತೂಗಾಡುತ್ತ ಬಸ್ ಹಿಡಿದು ಮರಳುತ್ತಿದ್ದರು.

ಅಂಥ ಹೊತ್ತಿನಲ್ಲಿ ಬೆಟಗೇರಿಯ ಶಾರದಕ್ಕ ಕೇಂದ್ರಕ್ಕೆ ಬಂದರು. ಶೇಂಗಾ ವ್ಯಾಪಾರದ ಮನೆತನ. ಅವರ ಯಜಮಾನರು ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಅವರ ಕಾರು ಶೆಡ್ಡಿನಲ್ಲಿ ನಿಂತಲ್ಲೇ ನಿಂತಿತ್ತು. ಪರದೇಶದ ಕಂಪನಿಯ ಡೀಸೆಲ್ ಲಕ್ಸುರಿ ಕಾರು. ಏಳು ವರ್ಷ ಹಳೆಯದು, ಓಡಿದ್ದು ಎಂಬತ್ತನಾಲ್ಕು ಸಾವಿರ ಕಿಲೋಮೀಟರ್. ಅದನ್ನು ರೋಗಿಗಳ ಓಡಾಟಕ್ಕೆ ದಾನ ಕೊಡುತ್ತೇನೆ ಎಂದರು.

ನಾನು ಎರಡು ದಿನ ತಪಾಸಣೆ ಮಾಡಿದೆ. ಬ್ಯಾಟರಿ ಸತ್ತಿತ್ತು, ಟ್ಯಾಂಕಿನ ಡೀಸೆಲ್ ಕೆಟ್ಟಿತ್ತು. ಅವು ದೊಡ್ಡ ಮಾತಲ್ಲ. ನನ್ನ ಚಿಂತೆ ಇದ್ದದ್ದು ಡಿಪಿಎಫ್ ಬಗ್ಗೆ. ಹೊಸ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ, ಅದೇ ಡಿಪಿಎಫ್. ಗಾಡಿ ಆಗಾಗ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿದರೆ ಆ ಮಸಿ ತಾನೇ ಸುಟ್ಟುಹೋಗುತ್ತದೆ. ಓಣಿಗಳಲ್ಲಿ ನಿಂತು ನಿಂತು ಓಡಿಸಿದರೆ ಕಟ್ಟಿಕೊಂಡು, ಎಂಜಿನ್ ಬಲ ಕಳೆದುಕೊಳ್ಳುತ್ತದೆ. ಜೊತೆಗೆ ತಳ ತಗ್ಗು; ನಮ್ಮ ಕಡೆಯ ಹಂಪುಗಳಿಗೆ ಉಜ್ಜುವುದು ಖಂಡಿತ. ‘ಮಾರಿ, ಬಂದ ಹಣದಲ್ಲಿ ಗಟ್ಟಿಮುಟ್ಟಾದ ಸಾದಾ ವ್ಯಾನ್ ಕೊಳ್ಳುವುದು ಲೇಸು’ ಎಂದು ಒಂದು ಪುಟದ ವರದಿ ಬರೆದುಕೊಟ್ಟೆ.

ಶಾರದಕ್ಕ ಅದನ್ನು ಪೂರ್ತಿ ಓದಿ ಮಡಿಚಿಟ್ಟರು.

“ಮಾರಾಕ ನನಗೂ ಬರತೈತ್ರಿ,” ಎಂದರು. “ಎರಡ ವರ್ಷ ನಮ್ಮವ್ರು ಇದರಾಗ ಹುಬ್ಬಳ್ಳಿಗೆ ಡಯಾಲಿಸಿಸ್‌ಗೆ ಹೋಗಿ ಬಂದಾರ. ಬರೂಮುಂದ ಹಿಂದಿನ ಸೀಟಿನ್ಯಾಗ ಒರಗಿ ನಿದ್ದಿ ಮಾಡತಿದ್ರು. ಆ ನಿದ್ದಿ ಮತ್ತೊಬ್ಬರಿಗೆ ಸಿಗ್ಲಿ ಅಂತ ಕೊಡಾಕತ್ತೀನಿ.”

ಕಾರಿನ ನೋಂದಣಿ ಟ್ರಸ್ಟಿನ ಹೆಸರಿಗೆ ಬದಲಾಯಿತು. ಓಡಿಸಲು ಮಾಬುಸಾಬ ಬಂದ. ನನ್ನ ಡಿಪೋದಲ್ಲೇ ಇದ್ದ ಹಳೆಯ ಡ್ರೈವರ್, ಅವಸರವನ್ನೇ ಅರಿಯದ ಮನುಷ್ಯ. ಕೆನೆಬಣ್ಣದ ಚರ್ಮದ ಸೀಟು ಹಾಳಾಗಬಾರದೆಂದು ನಾನೇ ಬಿಳಿ ಬಟ್ಟೆಯ ಕವರ್ ಹೊಲಿಸಿ ಹಾಕಿಸಿದೆ. ದಾನಿಗಳ ವಸ್ತು, ನೋಡಿದವರು ಆಡಿಕೊಳ್ಳಬಾರದು ಎಂಬುದು ನನ್ನ ಲೆಕ್ಕ.

ಸೋಮವಾರ, ಬುಧವಾರ, ಶುಕ್ರವಾರ ಕಾರು ಗದಗಿನಿಂದ ಶಿರಹಟ್ಟಿಗೆ, ಅಲ್ಲಿಂದ ಬೆಳ್ಳಟ್ಟಿಗೆ ಹೋಗಿ ರೋಗಿಗಳನ್ನು ಕರೆತರುತ್ತಿತ್ತು. ಸಂಜೆ ಮತ್ತೆ ಬಿಟ್ಟು ಬರುತ್ತಿತ್ತು. ರಸ್ತೆ ಉದ್ದವಿದ್ದುದರಿಂದ ಡಿಪಿಎಫ್ ನಾನು ಹೆದರಿದಂತೆ ಕಟ್ಟಲಿಲ್ಲ. ಆರು ವಾರ ಎಂಜಿನ್ ಒಂದು ಸಲವೂ ತಕರಾರು ಮಾಡಲಿಲ್ಲ. ನಾನು ಲಾಗ್‌ಬುಕ್ ನೋಡಿ ಸಮಾಧಾನಪಟ್ಟುಕೊಳ್ಳುತ್ತಿದ್ದೆ.

ಬೆಳ್ಳಟ್ಟಿಯಿಂದ ಬರುತ್ತಿದ್ದವರು ಗಿರಿಜವ್ವ. ಐವತ್ತೆರಡು ವರ್ಷ, ಕೂಲಿ ಮಾಡಿ ಬದುಕಿದ ಹೆಣ್ಣುಮಗಳು, ತಂಗಿಯ ಮನೆಯಲ್ಲಿದ್ದರು. ಅವರ ಎಡಗೈಯಲ್ಲಿ ಫಿಸ್ಟುಲಾ ಇತ್ತು. ಡಯಾಲಿಸಿಸ್ ಸೂಜಿ ಚುಚ್ಚಲೆಂದು ಎರಡು ರಕ್ತನಾಳಗಳನ್ನು ಶಸ್ತ್ರಕ್ರಿಯೆಯಿಂದ ಕೂಡಿಸಿರುತ್ತಾರಲ್ಲ, ಅದು. ಆ ಕೈ ಮೇಲೆ ಭಾರ ಹಾಕಬಾರದು, ಏನನ್ನೂ ಜಗ್ಗಬಾರದು. ಇದು ನನಗೂ ಗೊತ್ತಿತ್ತು. ಆದರೆ ಗಾಡಿಗೂ ಅದಕ್ಕೂ ಸಂಬಂಧವಿದೆ ಎಂದು ಹೊಳೆದಿರಲಿಲ್ಲ.

ಏಳನೆಯ ವಾರದ ಶುಕ್ರವಾರ ಸಂಜೆ ಮಾಬುಸಾಬನ ಫೋನ್ ಬಂತು. ಬೆಳ್ಳಟ್ಟಿಯಲ್ಲಿ ಇಳಿಯುವಾಗ ಗಿರಿಜವ್ವನಿಗೆ ತಗ್ಗಿನ ಸೀಟಿನಿಂದ ಏಳಲಾಗಿಲ್ಲ. ತಲೆ ತಿರುಗಿ, ಎಡಗೈಯಿಂದಲೇ ಬಾಗಿಲು ಹಿಡಿದು ಜಗ್ಗಿದ್ದಾರೆ. ಸೂಜಿ ಚುಚ್ಚಿದ ಜಾಗ ಬಿಚ್ಚಿಕೊಂಡು ರಕ್ತ ಚಿಮ್ಮಿದೆ. ಮಾಬುಸಾಬ ಗಾಯ ಒತ್ತಿ ಹಿಡಿದೇ ಮಾತಾಡುತ್ತಿದ್ದ.

“ರಕ್ತ ನಿಂತೈತೇನು?” ಎಂದು ನಾನು ಕೇಳಬೇಕಿತ್ತು. ನಾನು ಕೇಳಿದ್ದು ಬೇರೆ.

“ಸೀಟಿಗೆ ಹತ್ತೇತೇನು? ಜಲ್ದಿ ತಣ್ಣೀರಾಗ ಒರಸು. ಒಣಗಿದ್ರ ಡಾಗು ಹೋಗಂಗಿಲ್ಲ.”

ಕಾಲು ತಾಸಿನಲ್ಲಿ ರಕ್ತ ನಿಂತಿತು. ಮರುದಿನ ನಾನು ಲಾಗ್‌ಬುಕ್ಕಿನಲ್ಲಿ ಬರೆದೆ: ‘ಹಿಂದಿನ ಸೀಟು ಸ್ವಚ್ಛಗೊಳಿಸಲಾಗಿದೆ. ಕವರ್ ದಾಟಿ ಕಲೆ ಉಳಿದಿದೆ.’

ಸೋಮವಾರ ಗಿರಿಜವ್ವ ಕಾರು ಹತ್ತಲಿಲ್ಲ. ಮುಂಡರಗಿಗೆ ನೆಂಟರ ಮನೆಗೆ ಬಂದಿದ್ದೇನೆ, ಅಲ್ಲಿಂದಲೇ ಬಸ್ಸಿಗೆ ಬರುತ್ತೇನೆ ಎಂದು ಮಾಬುಸಾಬನಿಗೆ ಫೋನ್ ಮಾಡಿದ್ದರಂತೆ. ಕೇಂದ್ರಕ್ಕೂ ಬರಲಿಲ್ಲ.

ಬುಧವಾರ ಬೆಳಿಗ್ಗೆ ನಾನು ಕಾರಿನಲ್ಲಿದ್ದೆ. ಡಿಪಿಎಫ್ ದೀಪ ಒಮ್ಮೆ ಮಿನುಗಿತ್ತೆಂದು ಪರೀಕ್ಷಿಸಲು ಹೊರಟಿದ್ದೆ. ಶಿರಹಟ್ಟಿಯಲ್ಲಿ ಹತ್ತಿದ ರೋಗಿ, ನಿವೃತ್ತ ಶಿಕ್ಷಕರು, ಕೂತವರೇ ಹೇಳಿದರು: “ಗಿರಿಜವ್ವ ಮುಂಡರಗಿಗೆ ಹೋಗಿಲ್ರಿ. ಅವರ ತಂಗಿ ನಿನ್ನೆ ಸಂತ್ಯಾಗ ಸಿಕ್ಕಿದ್ಲು. ಅಕ್ಕ ಮನ್ಯಾಗ ಅದಾಳ, ಅನ್ನ ಬಿಟ್ಟಾಳ ಅಂದ್ಲು.”

ಡಯಾಲಿಸಿಸ್ ಆಗಿ ಐದು ದಿನವಾಗಿತ್ತು. ಮಾಬುಸಾಬ ಅಂದು ಮೊದಲ ಬಾರಿಗೆ ಜೋರಾಗಿ ಓಡಿಸಿದ.

ಗಿರಿಜವ್ವ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮುಖ ಊದಿತ್ತು. ಒಂದು ಮಾತು ಮುಗಿಸಲು ಎರಡು ಸಲ ಉಸಿರು ಎಳೆಯಬೇಕಿತ್ತು. ಏಳಿರಿ ಎಂದರೆ ತಲೆ ಅಲ್ಲಾಡಿಸಿದರು.

“ನಾ ಒಲ್ಲೆರಿ... ಮತ್ತ ರಕ್ತ ಬಂದ್ರ? ಅಷ್ಟ ದೊಡ್ಡವರ ಗಾಡಿ... ಹೊಲಸ ಮಾಡಿ ಬಿಟ್ಟೆ.”

“ಬಸ್ಸಿಗರ ಬರಬೇಕಿತ್ತಲ್ಲವ್ವ,” ಎಂದೆ.

“ಬಸ್ ಸ್ಟ್ಯಾಂಡ್ ಮಟಾ ನಡ್ಯಾಕ ಆಗವಲ್ದು.”

ಮಾಬುಸಾಬ ನನ್ನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಹೇಳಿದ: “ಸಾಹೇಬ್ರ, ಅವತ್ತ ನನ್ನ ಕೈ ಖಾಲಿ ಇರಲಿಲ್ಲ. ಫೋನ್ ಸ್ಪೀಕರಿಗೆ ಹಾಕಿದ್ದೆ. ನೀವು ಕೇಳಿದ್ದು ಅವರಿಗೆ ಕೇಳೇತಿ.”

ಕಾರಿನ ಹತ್ತಿರ ಹೋಗಿ ಬಿಳಿ ಕವರುಗಳನ್ನೆಲ್ಲ ಕಿತ್ತು ಡಿಕ್ಕಿಗೆ ಎಸೆದೆ. ವಾಪಸು ಬಂದು ಗಿರಿಜವ್ವನ ಮುಂದೆ ಕೂತೆ.

“ತಪ್ಪು ನಂದವ್ವ. ಸೀಟು ಹೋದ್ರ ಹೋಗ್ಲಿ. ನೀವು ಬರ್ರಿ.”

ಅವರು ಬಲಗೈ ಚಾಚಿದರು. ನಾನು ಒಂದು ಕಡೆ, ಮಾಬುಸಾಬ ಒಂದು ಕಡೆ ಎತ್ತಿ ಕೂಡಿಸಿದೆವು. ಮುಳಗುಂದ ದಾಟುವಾಗ ಅವರ ತುಟಿ ನೀಲಿಗಟ್ಟಿತ್ತು. ದಾರಿಯಲ್ಲೇ ಫೋನ್ ಮಾಡಿದ್ದರಿಂದ ಕೇಂದ್ರದಲ್ಲಿ ಸಿಸ್ಟರ್ ಯಂತ್ರ ಸಿದ್ಧವಿಟ್ಟುಕೊಂಡು ಕಾಯುತ್ತಿದ್ದರು. ರಕ್ತದಲ್ಲಿ ಪೊಟ್ಯಾಸಿಯಂ ಏರಿದೆ, ಇನ್ನು ಸ್ವಲ್ಪ ತಡವಾಗಿದ್ದರೆ ಹೃದಯ ನಿಲ್ಲುತ್ತಿತ್ತು ಎಂದರು ಡಾಕ್ಟರು. ಮಧ್ಯಾಹ್ನ ಮೂರರ ಹೊತ್ತಿಗೆ ಗಿರಿಜವ್ವ ಕಣ್ಣು ಬಿಟ್ಟು ಚಹಾ ಕೇಳಿದರು. ಡಯಾಲಿಸಿಸ್ ರೋಗಿಗಳು ಕುಡಿಯುವುದಕ್ಕೂ ಮಿತಿಯಿದೆ; ಎರಡು ಗುಟುಕಿಗಿಂತ ಹೆಚ್ಚು ಕೊಡಲಿಲ್ಲ.

ಶಾರದಕ್ಕನ ಮನೆಗೆ ನಾನೇ ಆ ಕಾರಿನಲ್ಲಿ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಸೀಟಿನ ಕಲೆಯಿಂದ ಶುರು ಮಾಡಿದೆ. ಅವರು ನಡುವೆಯೇ ತಡೆದರು.

“ಡಾಗು ಆದ್ರ ಏನಾತ್ರಿ? ಆ ಸೀಟಿನ ಮ್ಯಾಲೆ ನಮ್ಮವ್ರು ಎಷ್ಟ ಸಲ ವಾಂತಿ ಮಾಡ್ಯಾರ, ನಿಮಗೇನ ಗೊತ್ತು? ಅದರ ಮ್ಯಾಲೆ ಬಿಳೆ ಅರಬಿ ಹಾಕು ಅಂತ ನಿಮಗ ಯಾರ ಹೇಳಿದ್ರು?”

ಯಾರೂ ಹೇಳಿರಲಿಲ್ಲ.

ಅವರು ಚಪ್ಪಲಿ ಮೆಟ್ಟಿ ಹೊರಗೆ ಬಂದರು. ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಎಡಗೈಯನ್ನು ಸೆರಗಿನಲ್ಲಿ ಸುತ್ತಿ ಹೊಟ್ಟೆಗೆ ಅವಚಿಕೊಂಡು, ಏಳಲು ನೋಡಿದರು. ಅರವತ್ತು ದಾಟಿದ ಮೈ. ಒಂದು ಸಲ ಆಗಲಿಲ್ಲ, ಎರಡನೆಯ ಸಲವೂ ಆಗಲಿಲ್ಲ. ನಾನು ಕೈ ಕೊಡಲು ಹೋದರೆ ಬೇಡವೆಂದರು.

“ನಮ್ಮವ್ರನ್ನ ಎತ್ತಾಕ ನಾನೂ ಡ್ರೈವರೂ ಇಬ್ರು ಇರತಿದ್ವಿ,” ಎಂದರು. “ಇದು ಇಷ್ಟ ತಗ್ಗ ಐತಿ ಅಂತ ನನಗ ಗೊತ್ತ ಆಗಲೇ ಇಲ್ಲ. ಮಾರಿ ಬಿಡ್ರಿ.”

ಟೇಪು ತಂದು ಅಳೆದೆ. ಕೂತಾಗ ಸೀಟು ನೆಲದಿಂದ ಹದಿನಾರು ಇಂಚು. ಸಾಲದ್ದಕ್ಕೆ ಹಿಂದಕ್ಕೆ ಇಳಿಜಾರು. ತಳದಿಂದ ರಸ್ತೆಗೆ ಎಷ್ಟು ಅಂತರ ಎಂದು ತಪಾಸಣೆಯ ಮೊದಲ ದಿನವೇ ಮಿಲಿಮೀಟರಿನಲ್ಲಿ ಬರೆದಿದ್ದೆ. ಈ ಅಳತೆ ಬರೆದಿರಲಿಲ್ಲ. ‘ಮಾರುವುದು ಲೇಸು’ ಎಂಬ ನನ್ನ ಸಲಹೆ ಕೊನೆಗೆ ಸರಿಯಾಯಿತು ಎಂದು ಟ್ರಸ್ಟಿನವರು ನನ್ನನ್ನು ಹೊಗಳಿದರು. ಸಲಹೆ ಸರಿಯಿತ್ತು, ಕೊಟ್ಟ ಕಾರಣ ಒಂದೂ ಸರಿಯಿರಲಿಲ್ಲ.

ಬದಲಿಗೆ ತಂದ ವ್ಯಾನನ್ನು ಶಾರದಕ್ಕನೇ ಆರಿಸಿದರು. ಹುಬ್ಬಳ್ಳಿಯಲ್ಲಿ ಆರು ಗಾಡಿಗಳನ್ನು ಒಂದೇ ಕೈಯಲ್ಲಿ ಹತ್ತಿ ಇಳಿದು ನೋಡಿದರು. ಮಾರುವವನು ಮೈಲೇಜ್ ಹೇಳತೊಡಗಿದಾಗ, “ಅದನ್ನ ಇವರಿಗೆ ಹೇಳ್ರಿ,” ಎಂದು ನನ್ನತ್ತ ಕೈ ಮಾಡಿದರು. ನಾನು ಅದಕ್ಕೆ ಬಾಗಿಲ ಎರಡೂ ಬದಿ ಹಿಡಿಕೆ, ಕೆಳಗೆ ಅಗಲವಾದ ಒಂದು ಮೆಟ್ಟಿಲು ಬೆಸುಗೆ ಹಾಕಿಸಿದೆ. ವ್ಯಾನು ಮೊದಲ ಸಲ ಬೆಳ್ಳಟ್ಟಿಗೆ ಹೋದ ದಿನ ಗಿರಿಜವ್ವ ಬಲಗೈಯಲ್ಲಿ ಹಿಡಿಕೆ ಹಿಡಿದು ತಾವೇ ಹತ್ತಿದರು. ಅವರಿಗೆ ನನ್ನ ಮೇಲೆ ಸಿಟ್ಟು ಉಳಿದಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಮುಂದೆ ಹಲವು ತಿಂಗಳು ತಪ್ಪದೆ ಬಂದರು.

ಮೂವತ್ತೊಂದು ವರ್ಷ ನಾನು ಬಸ್ಸುಗಳ ಎಂಜಿನ್, ಬ್ರೇಕ್, ಟಯರ್ ನೋಡಿ ‘ಫಿಟ್’ ಎಂದು ಸಹಿ ಹಾಕಿದೆ. ಯಂತ್ರ ಕೆಡದಿದ್ದರೆ ಕೆಲಸ ಮುಗಿಯಿತು ಎಂಬ ನಂಬಿಕೆ ನೌಕರಿಯಲ್ಲಿ ಯಾರೂ ತಪ್ಪೆನ್ನಲಿಲ್ಲ. ಆ ಕಾರು ನನ್ನ ಕೈಯಲ್ಲಿದ್ದ ಅಷ್ಟೂ ದಿನ ಒಮ್ಮೆಯೂ ಕೆಡಲಿಲ್ಲ. ಅದರಲ್ಲೇ ಒಂದು ಜೀವ ಹೋಗುವುದರಲ್ಲಿತ್ತು.

ಮೊನ್ನೆ ಗದಗಿನ ಒಬ್ಬರು ತಮ್ಮ ಹಳೆಯ ದೊಡ್ಡ ಗಾಡಿಯನ್ನು ಕೇಂದ್ರಕ್ಕೆ ಕೊಡುವುದಾಗಿ ಫೋನ್ ಮಾಡಿದ್ದರು. “ಎಂಜಿನ್ ಏಕದಮ್ ಚೊಲೊ ಐತ್ರಿ,” ಎಂದರು.

“ಅದನ್ನ ಆಮ್ಯಾಲೆ ನೋಡೂಣ್ರಿ,” ಎಂದೆ. “ಮನ್ಯಾಗ ವಯಸ್ಸಾದವ್ರು ಯಾರರ ಅದಾರೇನು? ಅದರಾಗಿಂದ ಅವ್ರು ಹೆಂಗ ಇಳೀತಾರ, ಮೊದಲ ಅದನ್ನ ಹೇಳ್ರಿ.”